ಪಹಣಿ ಕೊಡಲಾ ಬೇಡವಾ ಅಂತ ಕೇಳಿದ್ದೆಯಲ್ಲ

ಪ್ರೀತಿಯ ಗೆಳೆಯಾ,

ಮೊನ್ನೆ ನೀನು ಫೋನ್ ಮಾಡಿದಾಗ ಬಸ್ಸಿನಲ್ಲಿದ್ದೆ, ಸರಿಯಾಗಿ ಮಾತಾಡೋಕೆ ಆಗಲಿಲ್ಲ. ಪಕ್ಕದ ಮನೆ ಹುಡುಗನಿಗೆ ಬೇಲ್ ಆಗಿದೆ, ಶ್ಯೂರಿಟಿಗೆ ನಿನ್ನ ಪಹಣಿ ಕೇಳುತ್ತಿದ್ದಾರೆ, ಮನೆಯಲ್ಲಿ ಎಲ್ಲರೂ 'ಹೊಲ ಹೋಗುತ್ತೆ' ಅಂತ ಹೆದರಿಸುತ್ತಿದ್ದಾರೆ ಅಂದೆ. ಕಾನೂನು ವಕೀಲರು ಹೇಳುತ್ತಾರೆ ಬಿಡು. ಆದರೆ ಜೈಲಿನ ಕೆಲಸದಲ್ಲಿ, ಬೇಲ್ ಆದ ಮೇಲೂ ಒಳಗೇ ಉಳಿದವರನ್ನು ದಿನಾ ಸಂಜೆ ಎಣಿಸಿ ಬೀಗ ಹಾಕಿದವನು ನಾನು. ಅದಕ್ಕೇ ಬರೆಯುತ್ತಿದ್ದೇನೆ.

ಜೈಲಿನಲ್ಲಿರೋರೆಲ್ಲ ಶಿಕ್ಷೆ ಆದವರು ಅಂತ ಊರಲ್ಲಿ ಅಂದುಕೊಂಡಿದ್ದಾರೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅದರಲ್ಲಿ 4,34,302 ಜನ ವಿಚಾರಣಾಧೀನ ಬಂದಿಗಳು. ನಾಲ್ವರಲ್ಲಿ ಮೂವರ ಕೇಸು ಇನ್ನೂ ತೀರ್ಮಾನವೇ ಆಗಿಲ್ಲ! ಬಿಳಿ ಬಟ್ಟೆ ಹಾಕೋದು ಸಜಾ ಬಂದಿಗಳು. ಸಂಜೆ ಲಾಕಪ್ಪಿಗೆ, ಅಂದರೆ ಎಣಿಸಿ ಬ್ಯಾರಕ್ಕಿಗೆ ಬೀಗ ಹಾಕೋ ಹೊತ್ತಿಗೆ, ಸಾಲು ನಿಲ್ಲಿಸಿದರೆ ಮನೆಯಿಂದ ತಂದ ಲುಂಗಿ, ಟೀ ಶರ್ಟುಗಳೇ ಜಾಸ್ತಿ.

ಆ ಸಾಲಿನಲ್ಲಿ ಒಬ್ಬ ಇದ್ದ. ಪಂಪ್‌ಸೆಟ್ ಕೇಬಲ್ ಕದ್ದ ಕೇಸು, ಗಾರೆ ಕೆಲಸದವನು. ಹೊಸಬ ಅಂತ ಕಕ್ಕಸಿನ ಪಕ್ಕದಲ್ಲಿ ಮಲಗೋ ಜಾಗ ಸಿಕ್ಕಿತ್ತು, ಅದು ಬ್ಯಾರಕ್ಕಿನ ಪದ್ಧತಿ. ಬೇಲ್ ಆದೇಶದ ಜೆರಾಕ್ಸನ್ನು ಹಾಲಿನ ಪ್ಯಾಕೆಟ್ ಕವರಿನಲ್ಲಿ ಮಡಚಿ ಜೇಬಿನಲ್ಲಿ ಇಟ್ಟುಕೊಂಡಿದ್ದ. ಎಣಿಕೆ ಮುಗಿದ ಕೂಡಲೇ ಹತ್ತಿರ ಬಂದು, 'ಸಾರ್, ಇನ್ನೊಂದ್ಸಲ ಓದಿ' ಅನ್ನುತ್ತಿದ್ದ. ಓದುತ್ತಿದ್ದೆ. 'ಇಬ್ಬರು ಜಾಮೀನುದಾರರು' ಅನ್ನೋ ಸಾಲು ಬಂದಾಗ ತಲೆ ಅಲ್ಲಾಡಿಸಿ ಕಾಗದ ವಾಪಸ್ ಇಸ್ಕೊಳ್ಳುತ್ತಿದ್ದ. ಅಕ್ಷರ ಬರದವನು, ಆದರೆ ಮಡಿಕೆ ತಪ್ಪದ ಹಾಗೆ ಮಡಚುತ್ತಿದ್ದ. ಸಂದರ್ಶನಕ್ಕೆ ಬರುತ್ತಿದ್ದದ್ದು ಅವನ ಹೆಂಡತಿ ಒಬ್ಬಳೇ. ಸೋದರಮಾವನಿಗೆ ಜಮೀನಿತ್ತು ಕಣೋ. ಅವನ ಮನೆಯಲ್ಲೂ ಇದೇ ಮಾತು, ಹೊಲ ಹೋಗುತ್ತೆ ಅಂತ. ಕೊನೆಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರೊಬ್ಬರು ಅರ್ಜಿ ಹಾಕಿ, ಸ್ವಂತ ಬಾಂಡಿನ ಮೇಲೆ, ಅಂದರೆ ಜಾಮೀನುದಾರರಿಲ್ಲದೆ ಅವನೇ ಬರೆದುಕೊಟ್ಟ ಮುಚ್ಚಳಿಕೆಯ ಮೇಲೆ, ಬಿಡಿಸಿದರು. ಅಷ್ಟರಲ್ಲಿ ಮಳೆಗಾಲ ಕಳೆದುಹೋಗಿತ್ತು.

ಇದು ಇವತ್ತಿನ ಕಥೆಯೂ ಅಲ್ಲ. 1978ರಲ್ಲಿ ಮೋತಿರಾಮ್ ಕೇಸು ಅಂತ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅವನೂ ಗಾರೆ ಕೆಲಸದವನೇ, ಮಧ್ಯಪ್ರದೇಶದವನು. ಮ್ಯಾಜಿಸ್ಟ್ರೇಟರು 10,000 ರೂಪಾಯಿಗೆ ಜಾಮೀನು ಕೇಳಿದರು. ತಮ್ಮನೋ ಅಣ್ಣನೋ ಮುಂದೆ ಬಂದರೆ, 'ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ' ಅಂತ ಬೇಡ ಅಂದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸಿಟ್ಟಾಗಿ 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಿ ಅಂದರು. ಆಮೇಲೂ ಜಿಲ್ಲೆ ಕೋರ್ಟುಗಳಲ್ಲಿ ಪಹಣಿ ಕೇಳೋದು ನಿಂತಿಲ್ಲ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಮತ್ತೆ ಹೇಳಬೇಕಾಯಿತು: ಬೇಲ್ ಆಗಿ ಏಳು ದಿನದಲ್ಲಿ ಬಂದಿ ಹೊರಗೆ ಹೋಗದಿದ್ದರೆ ಜೈಲಿನವರು ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳಾದರೂ ಬಾಂಡ್ ಕೊಡದಿದ್ದರೆ ಷರತ್ತು ಸಡಿಲಿಸಬಹುದಾ ಅಂತ ಕೋರ್ಟು ತಾನಾಗೇ ನೋಡಬಹುದು. ಹುಡುಗನ ಅಮ್ಮನಿಗೆ ಇದನ್ನು ಹೇಳು. 15100ಕ್ಕೆ ಫೋನ್ ಮಾಡಿದರೆ ಕಾನೂನು ನೆರವಿನವರು ಸಿಗುತ್ತಾರೆ, ದುಡ್ಡು ಬೇಡ.

ಈಗ ನಿನ್ನ ಭಯಕ್ಕೆ ಬರ್ತೀನಿ. ಪಹಣಿ ಕೊಟ್ಟ ಮಾತ್ರಕ್ಕೆ ಹೊಲ ಕೋರ್ಟಿನದಾಗೋದಿಲ್ಲ. ಹುಡುಗ ವಾಯಿದೆಗೆ ಬರದೆ ತಲೆ ತಪ್ಪಿಸಿಕೊಂಡರೆ ನಿನಗೆ ನೋಟಿಸ್ ಬರುತ್ತೆ. ಕಾರಣ ಸರಿ ಇಲ್ಲ ಅಂತ ಕಂಡರೆ ಬಾಂಡಿನಲ್ಲಿ ಬರೆದಿರುವ ಮೊತ್ತ ಕಟ್ಟಬೇಕು, ಅದರಲ್ಲೂ ಕಡಿಮೆ ಮಾಡೋ ಅಧಿಕಾರ ಕೋರ್ಟಿಗಿದೆ. ಕಟ್ಟದಿದ್ದರೆ ಮಾತ್ರ ಆಸ್ತಿಯಿಂದ ವಸೂಲಿಯ ಮಾತು. ಮುಂದೆ ಅವನ ನಡವಳಿಕೆ ಸರಿ ಕಾಣದಿದ್ದರೆ ನೀನೇ ಅರ್ಜಿ ಹಾಕಿ ಜಾಮೀನಿನಿಂದ ಹೊರಗೆ ಬರಬಹುದು. ಆಗ ಅವನು ಬೇರೆಯವರನ್ನು ತರಬೇಕು, ಇಲ್ಲವಾದರೆ ಮತ್ತೆ ಒಳಗೆ.

ಅಪಾಯ ಇಲ್ಲವೇ ಇಲ್ಲ ಅಂತ ಹೇಳೋದಿಲ್ಲ. ಓಡಿಹೋದವರನ್ನೂ ನೋಡಿದ್ದೇನೆ. ಆದರೆ ನೀನು ಹೇಳಿದ ಪ್ರಕಾರ ಇದು ಜಾತ್ರೆಯ ಹೊಡೆದಾಟದ ಕೇಸು, ಹುಡುಗನಿಗೆ ಮನೆ ಇದೆ, ಎರಡು ಹಸು ಇವೆ, ಅಮ್ಮ ಇದ್ದಾಳೆ. ಎಲ್ಲಿಗೆ ಓಡ್ತಾನೆ? ಜೈಲಿನಲ್ಲೇ ಬಿಟ್ಟರೆ ಯಾರ ಜೊತೆ ಮಲಗ್ತಾನೆ, ಯಾರ ಮಾತು ಕೇಳ್ತಾನೆ ಅನ್ನೋದು ನನಗೆ ಗೊತ್ತು. ಬೀಡಿಯನ್ನೂ ಮುಟ್ಟದೆ ಒಳಗೆ ಬಂದ ಹುಡುಗರು ಹೊರಗೆ ಹೋಗುವಾಗ ಬೇರೆ ಕೇಸಿನ ಪ್ಲಾನ್ ಹಿಡ್ಕೊಂಡು ಹೋಗಿದ್ದಾರೆ.

ಇನ್ನೊಂದು. ಕೋರ್ಟಿನ ಆವರಣದಲ್ಲಿ ಬಾಡಿಗೆ ಜಾಮೀನುದಾರರು ಸಿಗುತ್ತಾರೆ, ಸುಳ್ಳು ಪಹಣಿ ಇಟ್ಕೊಂಡು. ಆ ಅಮ್ಮ ಕಂಗಾಲಾಗಿ ಅವರ ಕೈಗೆ ದುಡ್ಡು ಕೊಡದ ಹಾಗೆ ನೋಡಿಕೋ. ಸಿಕ್ಕಿಬಿದ್ದರೆ ಎಲ್ಲರ ಮೇಲೂ ಹೊಸ ಕೇಸು.

ಕೊಡೋದಾದರೆ ಹೊಸ ಪಹಣಿ ತೆಗೆಸು, ಆಧಾರ್, ಎರಡು ಫೋಟೋ ಇಟ್ಟುಕೋ. ಹಿಂದೆ ಯಾರಿಗಾದರೂ ಜಾಮೀನು ನಿಂತಿದ್ದರೆ ಮುಚ್ಚಿಡಬೇಡ, ಕೋರ್ಟಿನಲ್ಲಿ ಕೇಳುತ್ತಾರೆ. ಬೆಳಿಗ್ಗೆಯೇ ಹೋಗು. ಬಿಡುಗಡೆ ಆದೇಶ ಸಂಜೆ ಲಾಕಪ್ಪಿಗೆ ಮುಂಚೆ ಜೈಲು ಮುಟ್ಟದಿದ್ದರೆ ಅವನು ಇನ್ನೊಂದು ರಾತ್ರಿ ಒಳಗೇ ಇರಬೇಕಾಗುತ್ತೆ. ಮಂಗಳವಾರ ನನಗೂ ಬಿಡುವಿದೆ, ಬೇಕಾದರೆ ಜೊತೆಗೆ ಬರ್ತೀನಿ.

ನಿನ್ನ ಗೆಳೆಯ