ಪರರ ತೋಟದಲ್ಲಿ ದುಡಿಯುವ ಮಗನಿಗೆ

ಪ್ರೀತಿಯ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಾಫಿ ತೋಟದಲ್ಲಿ ಕೆಲಸದವರ ಉಸ್ತುವಾರಿ, ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಕೆಲಸಕ್ಕೆ ಸೇರಿದ್ದು ನಮಗೆಲ್ಲ ಸಂತೋಷ. ಆದರೆ ನಿನ್ನ ಅಮ್ಮ ಹೇಳಿದ ಎರಡು ಮಾತು ನನ್ನ ನಿದ್ದೆ ಕೆಡಿಸಿವೆ. ರೊಬಸ್ಟಾ ಕಾಫಿಯ ಕೊಯ್ಲು ಮುಗಿಯುವವರೆಗೆ ಭಾನುವಾರವೂ ಕೆಲಸದವರನ್ನು ಕರೆಸುತ್ತಿದ್ದೀಯಂತೆ. ಮೇಲಿನ ಇಳಿಜಾರಿನಲ್ಲಿ ನೆರಳಿನ ಮರ ಕಡಿಸಿ ಇನ್ನಷ್ಟು ಗಿಡ ನೆಡಿಸೋಣವೆಂದು ಮಾಲೀಕರಿಗೆ ನೀನೇ ಸಲಹೆ ಕೊಟ್ಟಿದ್ದೀಯಂತೆ.

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಎರಡು ಅಧ್ಯಾಯಗಳನ್ನು ಚಿಕ್ಕಂದಿನಲ್ಲೇ ಬಾಯಿಪಾಠ ಮಾಡಿದವನು ನೀನು. ಈಗ ತೋಟದ ಕೆಲಸ ಬಲ್ಲವನ ಕಣ್ಣಿನಿಂದ ಮತ್ತೊಮ್ಮೆ ಓದು. ದೇವರು ಮೊದಲ ಮೂರು ದಿನ ಜಾಗ ಸಿದ್ಧಪಡಿಸಿದರು: ಬೆಳಕು, ಆಕಾಶ, ನೆಲ. ಸೂರ್ಯ ಚಂದ್ರರು, ಮೀನು, ಹಕ್ಕಿ, ಪ್ರಾಣಿಗಳು, ಮನುಷ್ಯ, ಇವೆಲ್ಲ ಬಂದದ್ದು ಆಮೇಲೆ. ಗಿಡಮರ ಹುಟ್ಟಿದ್ದು ಕೂಡ ನೀರೆಲ್ಲ ಒಂದು ಕಡೆ ಸೇರಿ ಒಣನೆಲ ಕಾಣಿಸಿದ ಮೇಲೆಯೇ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರಿನ ಕಡೆ ಗುಡ್ಡ ಜಾರಿ ತೋಟಗಳು ಮಣ್ಣುಪಾಲಾದದ್ದನ್ನು ಕಂಡ ಕೊಡಗಿನವರಿಗೆ ಆ ಕ್ರಮದ ಬೆಲೆ ಬಿಡಿಸಿ ಹೇಳಬೇಕಿಲ್ಲ. ಇಳಿಜಾರಿನಲ್ಲಿ ಎಷ್ಟು ಗಿಡ ಹಿಡಿಸುತ್ತದೆ ಎಂದು ಲೆಕ್ಕ ಹಾಕುವ ಮೊದಲು ಮಳೆಗಾಲದ ನೀರು ಎಲ್ಲಿ ಇಂಗುತ್ತದೆ, ಎಲ್ಲಿ ಹರಿಯುತ್ತದೆ ಎಂದು ನೋಡು. ಸಾಲುಗಳ ನಡುವೆ ನೀರು ಇಂಗಿಸುವ ತೊಟ್ಟಿಲು ಗುಂಡಿ ತೆಗೆಸು. ಮರ ಕಡಿಯುವ ಬದಲು ಮುಂಗಾರಿಗೆ ಮುಂಚೆ ಮರಗಸಿ ಮಾಡಿಸಿದರೆ, ಅಂದರೆ ಕೊಂಬೆಗಳನ್ನಷ್ಟೇ ಸವರಿಸಿದರೆ, ಗಿಡಕ್ಕೆ ಬೇಕಾದ ಬೆಳಕು ಸಿಗುತ್ತದೆ. ಬೇರು ಮಣ್ಣು ಹಿಡಿದುಕೊಂಡೇ ಇರುತ್ತದೆ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯೂ ಉಳಿಯುತ್ತದೆ.

ಇನ್ನೊಂದು ಸಂಗತಿ ಗಮನಿಸು. ಎರಡನೆಯ ದಿನದ ಕೆಲಸವನ್ನು ಮಾತ್ರ ದೇವರು ಒಳ್ಳೆಯದೆಂದು ಕಂಡರೆಂಬ ಮಾತಿಲ್ಲ. ಮೂರನೆಯ ದಿನ ಅದು ಎರಡು ಸಲ ಬರುತ್ತದೆ. ನೀರನ್ನು ವಿಂಗಡಿಸುವ ಕೆಲಸ ಎರಡನೆಯ ದಿನ ಇನ್ನೂ ಮುಗಿದಿರಲಿಲ್ಲ, ಅದಕ್ಕೇ ಹಾಗೆ ಎಂದು ಹಳೆಯ ಯೆಹೂದ್ಯ ಪಂಡಿತರು ವಿವರಿಸುತ್ತಾರೆ. ಈ ವಿವರಣೆ ನನಗೆ ಬಹಳ ಹಿಡಿಸಿದೆ. ಸಂಜೆ ತೂಕ ಬರೆದುಕೊಂಡ ಮಾತ್ರಕ್ಕೆ ದಿನದ ಕೆಲಸ ಮುಗಿಯಿತೆಂದುಕೊಳ್ಳಬೇಡ. ಒಂದು ಚೀಲ ಕಣದಲ್ಲಿ ಸುರಿಸಿ ನೋಡು: ಹಣ್ಣಿನ ಜೊತೆ ಹಸಿರು ಕಾಯಿ ಎಷ್ಟಿದೆ? ಕೊಯ್ದ ಸಾಲಿಗೆ ಹೋಗಿ ಗಿಡದ ಬುಡದ ತರಗೆಲೆ ಸರಿಸು. ಉದುರಿದ ಹಣ್ಣನ್ನು ಹೆಕ್ಕದೆ ಬಿಟ್ಟರೆ ಕಾಯಿಕೊರಕ ಹುಳು ಅದರಲ್ಲೇ ಉಳಿದು ಮುಂದಿನ ಫಸಲಿಗೆ ಹತ್ತುತ್ತದೆ. ದೇವರೇ ಕೆಲಸ ನಿಲ್ಲಿಸಿ ನೋಡಿದರೆಂದ ಮೇಲೆ ನಮಗೆ ನೋಡುವಷ್ಟು ಪುರುಸೊತ್ತಿಲ್ಲವೆಂದರೆ ಹೇಗೆ?

ಇನ್ನು ಭಾನುವಾರದ ವಿಷಯ. ಮನುಷ್ಯನ ಸೃಷ್ಟಿಯಾದದ್ದು ಆರನೆಯ ದಿನ. ಅಂದರೆ ಅವನು ಕಂಡ ಮೊದಲ ಪೂರ್ಣ ದಿನವೇ ವಿಶ್ರಾಂತಿಯ ದಿನ. ಅಷ್ಟರಲ್ಲಿ ಅವನು ಏನು ದುಡಿದಿದ್ದ? ಏನೂ ಇಲ್ಲ. ಬಿಡುವು ದುಡಿಮೆಗೆ ಕೊಡುವ ಕೂಲಿಯಲ್ಲ, ಕೊಯ್ಲು ಮುಗಿದ ಮೇಲೆ ಕೊಡೋಣ ಎನ್ನಲು. ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯದಲ್ಲಿ ಸೃಷ್ಟಿಯ ಏಳು ದಿನಗಳನ್ನೇ ಕಾರಣವಾಗಿ ಹೇಳಿ, ಸೇವಕ ಸೇವಕಿಯರಿಗೆ, ದನಗಳಿಗೆ, ಊರಲ್ಲಿರುವ ಪರದೇಶಿಗೆ ಕೂಡ ವಿಶ್ರಾಂತಿ ಕೊಡಬೇಕೆಂದು ಆಜ್ಞಾಪಿಸಿದೆ. ನಿನ್ನ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೆಲಸದವರ ಸಾಲುಮನೆಗಳಲ್ಲಿರುವ ಅಸ್ಸಾಮಿನವರೂ ಆ ಮಾತಿನೊಳಗೆ ಬರುತ್ತಾರೆ. ನಮ್ಮ ದೇಶದ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೂ ಏಳು ದಿನಕ್ಕೊಂದು ಬಿಡುವಿನ ಮಾತಿತ್ತು. ಸಿದ್ದಾಪುರದ ಸಂತೆಯೂ ಭಾನುವಾರವೇ. ಅಂದೂ ಕೊಯ್ಲಿಗೆ ಕರೆದರೆ ಆ ಹೆಂಗಸರು ವಾರದ ಸಾಮಾನು ತರುವುದು ಯಾವಾಗ, ಮಕ್ಕಳ ತಲೆ ಬಾಚುವುದು ಯಾವಾಗ?

ಕಣದಲ್ಲಿ ಹಣ್ಣು ಒಣಗುತ್ತಿರುವಾಗ ಮಳೆ ಬಂದರೆ ಟಾರ್ಪಾಲು ಹೊದಿಸಲು ಭಾನುವಾರವೇನೂ ಅಡ್ಡಿಯಲ್ಲ. ಸಬ್ಬತ್ ಎಂಬ ವಿಶ್ರಾಂತಿಯ ದಿನ ಬಾವಿಗೆ ಬಿದ್ದ ಎತ್ತನ್ನು ಮೇಲೆತ್ತದೆ ಬಿಡುತ್ತೀರಾ ಎಂದು ಯೇಸುಸ್ವಾಮಿಯೇ ಕೇಳಿದ್ದಾರೆ. ಅದು ಆಪತ್ತಿನ ಮಾತು. ಸೋಮವಾರ ಕೊಯ್ಯಬಹುದಾದ ಹಣ್ಣಿಗೆ ಅದನ್ನು ಅನ್ವಯಿಸಬೇಡ.

ಮಾಲೀಕರ ಮುಂದೆ ಮಾತಾಡಲು ನನಗೇನು ಅಧಿಕಾರ ಎಂದು ನಿನಗೆ ಅನ್ನಿಸಬಹುದು. ಆದಾಮನೂ ಏದೆನ್ ತೋಟದ ಮಾಲೀಕನಾಗಿರಲಿಲ್ಲ. ಅದನ್ನು ಸಾಗುವಳಿ ಮಾಡಲು, ಕಾಯಲು ದೇವರು ಅವನನ್ನು ಅಲ್ಲಿ ಇರಿಸಿದರು. ಅದೂ ಶಾಪಕ್ಕೆ ಮುಂಚೆ. ಮುಳ್ಳು, ಬೆವರು ಬಂದದ್ದು ಮೂರನೆಯ ಅಧ್ಯಾಯದಲ್ಲಿ. ಹಾಗಾಗಿ ನಿನ್ನ ಕೆಲಸವನ್ನು ಕೀಳೆಂದು ಎಣಿಸಬೇಡ. ತೋಟ ಇನ್ನೊಬ್ಬರದ್ದಾದರೂ ಅದನ್ನು ಕಾಯುವ ಹೊಣೆ ನಿನ್ನದು. ಮರ ಕಡಿಸುವ ಸಲಹೆ ಕೊಟ್ಟವನು ನೀನೇ ಆದ್ದರಿಂದ ಅದನ್ನು ಹಿಂತೆಗೆದುಕೊಳ್ಳಬೇಕಾದವನೂ ನೀನೇ. ಅವರನ್ನು ಇಳಿಜಾರಿಗೆ ಕರೆದುಕೊಂಡು ಹೋಗಿ ನೀರಿನ ದಾರಿ ತೋರಿಸಿ ಮಾತಾಡು. ಕೊಯ್ಲು ತಡವಾಗುತ್ತದೆ ಎಂದರೆ ವಾರದ ಮಧ್ಯೆ ಇನ್ನೂ ನಾಲ್ಕು ಜನರನ್ನು ಕರೆಸೋಣ ಎನ್ನು.

ಈ ಭಾನುವಾರ ಕೆಲಸಕ್ಕೆ ರಜೆ ಕೊಟ್ಟು ವಿರಾಜಪೇಟೆಗೆ ಬಾ. ಬೆಳಗಿನ ಪೂಜೆ ಮುಗಿಸಿ ನಮ್ಮಲ್ಲೇ ಊಟ ಮಾಡು. ದೊಡ್ಡಮ್ಮ ಕಡುಬು, ಹಂದಿ ಸಾರು ಮಾಡುತ್ತಾಳಂತೆ.

ಇಂತಿ,
ನಿನ್ನ ದೊಡ್ಡಪ್ಪ