‘ಬೇಜಾರು’ ಅಂದರೆ ಏನೆಂದು ಕಲಿಸುವವರು ಯಾರು?

ಸಂಪಾದಕರಿಗೆ,

ಪದವಿ ಫಲಿತಾಂಶ ಬಂದ ಕೂಡಲೇ ‘ಸೈಕಾಲಜಿಸ್ಟ್ ಆಗಿ’ ಎನ್ನುವ ಜಾಹೀರಾತುಗಳ ಸುಗ್ಗಿ. ಮೂರು ತಿಂಗಳ ಕೌನ್ಸೆಲಿಂಗ್ ಡಿಪ್ಲೊಮಾ, ಎರಡು ವರ್ಷದ ಎಂ.ಎಸ್ಸಿ, ಎಲ್ಲದಕ್ಕೂ ಅದೇ ಆಸೆ ತೋರಿಸುತ್ತಾರೆ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಮಾನಸಿಕ ತೊಂದರೆಗಳನ್ನು ಪರೀಕ್ಷಿಸಿ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ, ಒಪ್ಪಿದ ಅರ್ಹತೆ ಇರಲೇಬೇಕು. ಅದಕ್ಕಿದ್ದ ಮುಖ್ಯ ದಾರಿ ಎಂ.ಎ. ಅಥವಾ ಎಂ.ಎಸ್ಸಿ ನಂತರದ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಮಂಡಳಿಯಲ್ಲಿ ನೋಂದಣಿಯಿಲ್ಲದೆ ವೃತ್ತಿ ನಡೆಸಿದರೆ 1992ರ ಆರ್‌ಸಿಐ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾವಿರ ರೂಪಾಯಿಗೆ ಈಗ ಯಾರು ಹೆದರುತ್ತಾರೆ ಎಂಬುದು ಬೇರೆ ಮಾತು.

ಈ ಎಂ.ಫಿಲ್ ಹೆಸರಿಗೆ ಸಂಶೋಧನಾ ಪದವಿ, ನಡೆಯುವುದೆಲ್ಲ ಅಪ್ರೆಂಟಿಸ್‌ಶಿಪ್. 1950ರ ದಶಕದಲ್ಲಿ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಈಗಿನ ನಿಮ್ಹಾನ್ಸ್‌ನಲ್ಲಿ, ಡಿಪ್ಲೊಮಾ ಆಗಿ ಶುರುವಾದಾಗಿನಿಂದಲೂ ಅದರ ಜೀವ ಇರುವುದು ಒಪಿಡಿ ಮತ್ತು ವಾರ್ಡಿನಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್ ಬೇಡವೆಂದಿತು, 2022ರಲ್ಲಿ ಯುಜಿಸಿ ನಿಲ್ಲಿಸಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಮಾತ್ರ 2025–26ರ ಸಾಲಿನವರೆಗೆ ಪ್ರವೇಶಕ್ಕೆ ವಿನಾಯಿತಿ ಸಿಕ್ಕಿತು. ಇದರ ಜಾಗಕ್ಕೆ ಹೊಸ ಪದವಿಗಳು ಬರಲಿ, ತಕರಾರಿಲ್ಲ. ಒಪಿಡಿಯ ತಾಸುಗಳು ತರಗತಿಯ ಪಾಠಗಳಾಗಿ ಕರಗಿಹೋಗುವ ಭಯ ಮಾತ್ರ ಇದೆ.

ಆ ತಾಸುಗಳಲ್ಲಿ ಆಗುವುದೇನು? ರೋಗಿ ‘ಯಾಕೋ ಬೇಜಾರು’ ಅನ್ನುತ್ತಾರೆ. ಇಂಗ್ಲಿಷ್ ಪುಸ್ತಕ ಓದಿ ಬಂದ ಕಲಿಕಾರ್ಥಿ ತಕ್ಷಣ ‘ಡಿಪ್ರೆಸ್ಡ್’ ಎಂದು ಬರೆದುಬಿಡುತ್ತಾನೆ. ನಮ್ಮ ಬೇಜಾರು ದುಃಖವೂ ಹೌದು, ಬೇಸರವೂ ಹೌದು, ಸೊಸೆಯ ಮೇಲಿನ ಮುನಿಸೂ ಹೌದು. ಕೇಸ್ ಫೈಲ್ ನೋಡಿದ ಮೇಲ್ವಿಚಾರಕರು ಆ ಶಬ್ದದ ಕೆಳಗೆ ಗೆರೆ ಎಳೆದು ಕೇಳುತ್ತಾರೆ: ಬೆಳಗಿನ ಜಾವ ಎಷ್ಟಕ್ಕೆ ಎಚ್ಚರ? ಊಟ ಸೇರುತ್ತಾ? ಮೊದಲು ಇಷ್ಟವಿದ್ದ ಕೆಲಸ ಈಗಲೂ ಬೇಕನ್ನಿಸುತ್ತಾ? ಎಷ್ಟು ವಾರದಿಂದ? ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆಯಾ? ಉತ್ತರವಿಲ್ಲದಿದ್ದರೆ ರೋಗಿಯ ಬಳಿ ಮತ್ತೆ ಹೋಗಬೇಕು. ಒಂದು ಕೇಸ್ ಹಿಸ್ಟರಿಗೆ ಒಂದೂವರೆ ತಾಸು ಹಿಡಿಯುವುದು, ಅದನ್ನು ಮೂರು ಸಲ ತಿದ್ದುವುದು ಮಾಮೂಲು.

ಪರೀಕ್ಷೆಗಳದ್ದೂ ಇದೇ ಕತೆ. ಬಿನೆ–ಕಾಮತ್ ಬುದ್ಧಿಶಕ್ತಿ ಪರೀಕ್ಷೆ ಕನ್ನಡ ಮತ್ತು ಮರಾಠಿ ಮಕ್ಕಳಿಗೆಂದೇ ಹದಗೊಳಿಸಿದ್ದು, ಇಂದಿಗೂ ಬಳಕೆಯಲ್ಲಿದೆ. ಇಂಥ ಪರೀಕ್ಷೆಗಳಲ್ಲಿ ಅಂಕಿಗಳನ್ನು ಹೇಳಿ ಮಗುವಿನಿಂದ ಮರಳಿ ಹೇಳಿಸುವ ಭಾಗವಿರುತ್ತದೆ. ಸೆಕೆಂಡಿಗೆ ಒಂದು ಅಂಕಿ, ಒಂದೇ ದನಿಯಲ್ಲಿ ಓದಬೇಕು. ಅಭ್ಯಾಸವಿಲ್ಲದವರು ಫೋನ್ ನಂಬರ್ ಓದಿದ ಹಾಗೆ ಎರಡೆರಡು ಜೋಡಿಸಿ ಓದುತ್ತಾರೆ. ಜೋಡಿಯಾಗಿ ಕೇಳಿದ್ದು ನೆನಪಿನಲ್ಲಿ ಸುಲಭವಾಗಿ ನಿಲ್ಲುತ್ತದೆ, ಅಂಕ ಏರುತ್ತದೆ. ಐಕ್ಯೂ, ಅಂದರೆ ಬುದ್ಧಿಶಕ್ತಿಯ ಅಂಕ, ಗಡಿಯಾದ 70ರ ಆಸುಪಾಸಿನಲ್ಲಿರುವ ಮಗುವಿಗೆ ಅಂಗವೈಕಲ್ಯ ಪ್ರಮಾಣಪತ್ರ ಕೈತಪ್ಪಲು ಅಷ್ಟು ಸಾಕು. ಪಕ್ಕದಲ್ಲಿ ಕೂತು ಕೇಳುವವರಿಲ್ಲದಿದ್ದರೆ ಈ ತಪ್ಪು ಯಾರ ಕಣ್ಣಿಗೂ ಬೀಳದು, ವರದಿಯಲ್ಲಂತೂ ಕಾಣುವುದೇ ಇಲ್ಲ.

ಇಂಗ್ಲೆಂಡಿನಲ್ಲಿ ಇದೇ ಕಲಿಕೆಯನ್ನು ಉದ್ಯೋಗವಾಗಿಯೇ ಕೊಡುವ ಪದ್ಧತಿಯಿದೆ. ‘ಕ್ಲಿನಿಕಲ್ ಅಸೋಸಿಯೇಟ್ ಇನ್ ಸೈಕಾಲಜಿ’ ಅಪ್ರೆಂಟಿಸ್ ಆಗಿ ಸೇರಿದವರು ಮೊದಲ ದಿನದಿಂದ ಸರ್ಕಾರಿ ಆರೋಗ್ಯ ಸೇವೆಯ ಸಂಬಳದ ನೌಕರರು. ಸುಮಾರು 18 ತಿಂಗಳು ಕೆಲಸ ಮಾಡುತ್ತಲೇ ಸ್ನಾತಕೋತ್ತರ ಮಟ್ಟದ ತರಬೇತಿ ಮುಗಿಸುತ್ತಾರೆ. (ಈ ಮಟ್ಟದ ಅಪ್ರೆಂಟಿಸ್‌ಶಿಪ್‌ಗಳಿಗೆ ಹೊಸದಾಗಿ ಸೇರುವವರಲ್ಲಿ, 2026ರ ಜನವರಿಯಿಂದ ಬಹುಮಟ್ಟಿಗೆ 22 ತುಂಬದವರಿಗಷ್ಟೇ ಅಲ್ಲಿನ ಸರ್ಕಾರ ಹಣ ಕೊಡುತ್ತಿದೆ. ಪದವಿ ಮುಗಿಸುವಷ್ಟರಲ್ಲೇ ಆ ವಯಸ್ಸು ಹತ್ತಿರ ಬಂದಿರುತ್ತದೆ!) ನಮ್ಮಲ್ಲಿ ಕೆಲವು ಸರ್ಕಾರಿ ಸಂಸ್ಥೆಗಳಲ್ಲಿ ಸ್ಟೈಪೆಂಡ್ ಉಂಟು; ಖಾಸಗಿ ಕಾಲೇಜಿನಲ್ಲಿ ಲಕ್ಷಗಟ್ಟಲೆ ಶುಲ್ಕ ಕಟ್ಟಿ ಆಸ್ಪತ್ರೆಯ ಕೆಲಸ ಬಿಟ್ಟಿಯಾಗಿ ಮಾಡಬೇಕು. ಬಡವರ ಮನೆಯ, ಹಳ್ಳಿಯ ಕನ್ನಡ ಬಲ್ಲ ಹುಡುಗ ಹುಡುಗಿಯರು ಈ ವೃತ್ತಿಗೆ ಬರುವುದು ಕಡಿಮೆ ಏಕೆಂದು ಇನ್ನೇನು ಕೇಳುವುದು?

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಬಳ್ಳಾರಿ ಜಿಲ್ಲೆ. ಆ ಕಾರ್ಯಕ್ರಮದ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆಯೂ ಇದೆ. ಆ ಹುದ್ದೆ ತುಂಬಿರುವ ಪ್ರತಿ ಜಿಲ್ಲಾಸ್ಪತ್ರೆಗೆ ಇಬ್ಬರು ಕಲಿಕಾರ್ಥಿಗಳನ್ನು ಆರು ತಿಂಗಳ ಮಟ್ಟಿಗೆ ಸ್ಟೈಪೆಂಡ್ ಕೊಟ್ಟು ನಿಯೋಜಿಸಬಹುದು. ಹುದ್ದೆ ಖಾಲಿ ಇರುವಲ್ಲಿಗೆ ಮಾತ್ರ ಕಳಿಸಬಾರದು. ಅಲ್ಲಿ ಅವರು ಕಲಿಯುವುದಿಲ್ಲ, ಖಾಲಿ ಕುರ್ಚಿ ತುಂಬುತ್ತಾರೆ ಅಷ್ಟೆ.

ಸೇರಬಯಸುವವರಿಗೆ ಒಂದೆರಡು ಮಾತು. ಕಾಲೇಜಿನ ಗೋಡೆಯ ಮೇಲಿನ ಪತ್ರ ನಂಬದೆ ಆರ್‌ಸಿಐ ಜಾಲತಾಣದಲ್ಲಿ ಕೋರ್ಸಿನ ಅನುಮೋದನೆ ಹುಡುಕಿ. ನೀವು ಸೇರುವ ವರ್ಷಕ್ಕೆ ಅದು ಚಾಲ್ತಿಯಲ್ಲಿದೆಯೇ, ಎಷ್ಟು ಸೀಟು ಎಂದು ನೋಡಿಕೊಳ್ಳಿ. 2025ರ ಜುಲೈ–ಆಗಸ್ಟ್ ಪ್ರವೇಶದಿಂದ ದೂರಶಿಕ್ಷಣ ಮತ್ತು ಆನ್‌ಲೈನ್ ಸೈಕಾಲಜಿ ಪದವಿಗಳಿಗೆ ಯುಜಿಸಿ ತಡೆ ಹಾಕಿದೆ. ಹಣ ಕಟ್ಟುವ ಮುನ್ನ ಹಿರಿಯ ವಿದ್ಯಾರ್ಥಿಗಳನ್ನು ಕ್ಯಾಂಟೀನಿಗೆ ಕರೆದು ಕೇಳಿ: ನಿಮ್ಮ ಕೇಸ್ ಫೈಲನ್ನು ಮೇಲ್ವಿಚಾರಕರು ಕೊನೆಯ ಸಲ ಓದಿ ವಾಪಸ್ ಕೊಟ್ಟದ್ದು ಯಾವಾಗ?

— ಕ್ಲಿನಿಕಲ್ ಸೈಕಾಲಜಿ ಬೋಧಕರ ಬಳಗ, ಬೆಂಗಳೂರು