ಜರ್ಮನಿಯ ಮಕ್ಕಳು ಬರುತ್ತಿದ್ದಾರೆ, ಮನೆಯವರು ಓದಿ

ನಮಸ್ಕಾರ ಎಲ್ಲರಿಗೂ. ಸ್ಟುಟ್‌ಗಾರ್ಟ್‌ನ ಶಾಲೆಯ ಮಕ್ಕಳು ಶನಿವಾರ ರಾತ್ರಿ ಬರುತ್ತಾರೆ. ಆ ಊರು 1968ರಿಂದ ನಮ್ಮ ಮುಂಬಯಿಯ ಸೋದರ ನಗರ, ಹಾಗಾಗಿ ನೆಂಟರೇ ಅನ್ನಿ.

ಮೊದಲು ಕಾಗದದ ಕೆಲಸ. ವಿದೇಶಿಯರು ಮನೆಯಲ್ಲಿ ಉಳಿದುಕೊಂಡರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿ, ಅಂದರೆ ಎಫ್‌ಆರ್‌ಆರ್‌ಒ ವೆಬ್‌ಸೈಟಿನಲ್ಲಿ ಮಾಹಿತಿ ತುಂಬಬೇಕು. ಶಾಲೆಯವರು ಮಾಡುತ್ತಾರೆ ಅಂತ ಸುಮ್ನೆ ಕೂರಬೇಡಿ. ಪಾಸ್‌ಪೋರ್ಟ್, ವೀಸಾ ಪುಟದ ಫೋಟೋ ಅವತ್ತೇ ತೆಗೆದಿಟ್ಟುಕೊಳ್ಳಿ. ಅದನ್ನು ಈ ಗುಂಪಿನಲ್ಲಿ ಹಾಕಬೇಡಿ, ದಯವಿಟ್ಟು.

ಇನ್ನು ಊಟ. ಖಾರ ಕಡಿಮೆ ಮಾಡಿದರೆ ಸಾಲದು, ಒಗ್ಗರಣೆಯ ಮೆಣಸಿನಕಾಯಿ ಪಕ್ಕಕ್ಕಿಡಬೇಕು ಅಂತ ಹೇಳಿಕೊಡಿ. ಹೋದ ಸಲ ನಮ್ಮನೆಗೆ ಬಂದಿದ್ದ ಹುಡುಗಿ, ತಟ್ಟೆಯಲ್ಲಿ ಏನೂ ಬಿಡಬಾರದು ಅಂತ ಚಿತ್ರಾನ್ನದ ಬ್ಯಾಡಗಿ ಮೆಣಸಿನಕಾಯಿ, ಕರಿಬೇವು ಎಲ್ಲ ಅಗಿದು ನುಂಗಿಬಿಟ್ಟಳು! ಕಣ್ಣಲ್ಲಿ ನೀರು, ಬಾಯಲ್ಲಿ ಥ್ಯಾಂಕ್ಯೂ. ಶೇಂಗಾ ಅಲರ್ಜಿ ಇದೆಯಾ ಅಂತ ಮೊದಲೇ ಕೇಳಿ. ನಮ್ಮ ಚಟ್ನಿಪುಡಿಯಲ್ಲೂ ಇರುತ್ತದೆ, ಇಲ್ಲಿನ ಸಾಬೂದಾನ ಖಿಚಡಿಯಲ್ಲೂ ಇರುತ್ತದೆ ಅಲ್ವಾ. ಕುಡಿಯಲು ಕುದಿಸಿ ಆರಿಸಿದ ನೀರು.

ಭಾನುವಾರ ಮಧ್ಯಾಹ್ನ ಮಾಟುಂಗಾದಲ್ಲಿ ಬಾಳೆಲೆ ಊಟ. ಲೋಕಲ್‌ನಲ್ಲೇ ಕರೆದುಕೊಂಡು ಬನ್ನಿ, ಅವತ್ತು ನೂಕುನುಗ್ಗಲು ಕಡಿಮೆ. ಆದರೆ ಹೊರಡುವ ಮುಂಚೆ ಮೆಗಾಬ್ಲಾಕ್ (ಹಳಿ ದುರಸ್ತಿಗೆ ರೈಲು ನಿಲ್ಲಿಸುವುದು) ಇದೆಯಾ ನೋಡಿಕೊಳ್ಳಿ. ಯಾರ ಮನೆಯಿಂದ ಎಷ್ಟು ಜನ ಅಂತ ಗುರುವಾರದೊಳಗೆ ತಿಳಿಸಿ.